ಮೂರನೆಯ ಗುಂಪಿನವರು

ಬೆಳಿಗ್ಗೆ ಕೋಣೆಗೆ ಬಂದವಳು ಹೆಗಲಿನ ಚೀಲ ಇಳಿಸುವ ಮೊದಲೇ ಲೆಕ್ಕದಮ್ಮ ಒಂದು ಕೆಲಸ ಮಾಡುತ್ತಿದ್ದಳು. ಹಿಂದಿನ ದಿನ ಸ್ಕ್ಯಾನ್ ಆದವರ ಚಿತ್ರಗಳನ್ನು ಪರದೆಯ ಮೇಲೆ ತೆರೆದು, ಒಂದೊಂದು ತಲೆಯನ್ನೂ ಕತ್ತಿನ ಬುಡದಿಂದ ನೆತ್ತಿಯವರೆಗೆ ಪದರ ಪದರವಾಗಿ ನೋಡುತ್ತ ಹೋಗುವುದು. ಕೊನೆಯ ಪದರ ದಾಟಿದಾಗ ತುಟಿ ಅಲುಗಿತೋ ಇಲ್ಲವೋ ಎಂಬಂತೆ “ಒಳ್ಳೇದಾಗ್ಲಿ” ಅನ್ನುವುದು. ಚಿತ್ರ ಸರಿಯಾಗಿ ಬಂದಿದೆಯೇ, ಒಳಗೆ ಮಲಗಿದ್ದವರು ತಲೆ ಅಲ್ಲಾಡಿಸಿದ್ದಾರೆಯೇ ಎಂದು ನೋಡಲು ಬೇರೆ ಜನ ಇದ್ದರು. ಆದರೂ ಅವಳು ಬಿಟ್ಟವಳಲ್ಲ. ಜ್ವರ ಬಂದ ದಿನವೂ, ಬಸ್ಸು ತಪ್ಪಿ ತಡವಾದ ದಿನವೂ ಮೊದಲು ಇದು, ಮಿಕ್ಕದ್ದೆಲ್ಲ ಆಮೇಲೆ.

“ಸದ್ದು ಮಾಡ್ಬೇಡ್ರಪ್ಪಾ, ಲೆಕ್ಕದಮ್ಮನ ಹಾಜರಿ ನಡೀತಿದೆ,” ಎಂದು ಸ್ಕ್ಯಾನ್ ಯಂತ್ರ ನಡೆಸುವವನು ಬಾಗಿಲಲ್ಲಿ ನಿಂತು ನಗುತ್ತಿದ್ದ. “ಯಾರಾದ್ರೂ ‘ಬಂದಿದೀನಿ ಮೇಡಂ’ ಅಂದ್ರಾ?”

“ನೀನೊಬ್ಬ ಬಂದೆ ನೋಡು, ತಲೆ ಇಲ್ದೋನು. ನಿನಗೆಲ್ಲಿ ಹಾಕ್ಲಿ ಹಾಜರಿ?”

ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿತ್ತು ಅವಳ ಕೋಣೆ. ಪಕ್ಕದ ಗೋಡೆಯಾಚೆ ಯಂತ್ರ ದಿನವಿಡೀ ಬಡಗಿಯ ಹಾಗೆ ಟಕಟಕ ಕುಟ್ಟುತ್ತಿತ್ತು. ಕಿಟಕಿ ಎಂದರೆ ಸೂರಿನ ಬಳಿ ಒಂದು ಗಾಜಿನ ಪಟ್ಟಿ. ಅದರಲ್ಲಿ ಹೊರಗೆ ನಡೆಯುವವರ ಪಾದಗಳು ಮಾತ್ರ ಕಾಣಿಸುತ್ತಿದ್ದವು. ಅವಳ ನಿಜವಾದ ಹುದ್ದೆಗೆ ಉದ್ದನೆಯ ಹೆಸರಿತ್ತು. ಆದರೆ ಕಾಗದದ ಮೇಲೆ ಬಿಟ್ಟು ಬೇರೆಲ್ಲಿಯೂ ಅದನ್ನು ಯಾರೂ ಬಳಸಿದ್ದಿಲ್ಲ. ಮೆದುಳಿನ ಚಿತ್ರಗಳ ಲೆಕ್ಕ ಹಾಕುವವಳು, ಲೆಕ್ಕದಮ್ಮ. ಅಷ್ಟೇ.

ಅವಳನ್ನು ಓದಿಸಿದವಳು ಅಕ್ಕ. ತಾಯಿ ಹೋದ ಮೇಲೆ ಅಕ್ಕ ಹೊಲಿಗೆ ಯಂತ್ರ ತುಳಿದು ತಂಗಿಯನ್ನು ಕಾಲೇಜಿಗೆ ಕಳಿಸಿದಳು. ಮದುವೆಯಾಗಿ ಬಂದ ಭಾವನೂ ತುಳಿಯುವುದನ್ನು ನಿಲ್ಲಿಸು ಎನ್ನಲಿಲ್ಲ. ಭಾವ ಶಾಲೆಯೊಂದರಲ್ಲಿ ಡ್ರಿಲ್ ಮೇಷ್ಟ್ರು. ಕೊರಳಲ್ಲಿ ಸೀಟಿ, ಇಸ್ತ್ರಿ ಗೆರೆ ಮಾಸದ ಬಿಳಿ ಪ್ಯಾಂಟು. “ನಿನ್ನ ತಂಗಿ ಅಂಕಿಗಳನ್ನ ಸಾಲಲ್ಲಿ ನಿಲ್ಲಿಸ್ತಾಳೆ, ನಾನು ಹುಡುಗರನ್ನ ನಿಲ್ಲಿಸ್ತೀನಿ. ಇಬ್ಬರದೂ ಒಂದೇ ಕಸುಬು,” ಎಂದು ಹೇಳಿಕೊಂಡು ಬೀಗುತ್ತಿದ್ದರು. ನಿವೃತ್ತಿಯಾದ ಕೆಲವು ವರ್ಷಕ್ಕೆ ಅವರ ನೆನಪು ಸೋರತೊಡಗಿತು. ಮೊದಲು ಬೀಗದಕೈ, ಆಮೇಲೆ ಬೀದಿ, ಆಮೇಲೆ ಹೆಂಡತಿಯ ಹೆಸರು. ಅಕ್ಕನಿದ್ದದ್ದು ಮೂರನೇ ಮಹಡಿಯಲ್ಲಿ, ಕಡಿದಾದ ಮೆಟ್ಟಿಲು. ಬಾಗಿಲು ತೆರೆದಿದ್ದರೆ ಭಾವ ಇಳಿದು ಹೋಗಿಬಿಡುತ್ತಿದ್ದರು. ಎರಡು ಸಲ ಪೊಲೀಸಿನವರು ಕರೆತಂದರು. ಕೊನೆಗೆ ಅಕ್ಕ ಅವರನ್ನು ಊರಾಚೆಯ ಒಂದು ಆರೈಕೆ ಮನೆಗೆ ಸೇರಿಸಿದಳು. ಸೇರಿಸಿದ ದಿನ ಮನೆಗೆ ಬಂದು, ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಅತ್ತಳು.

ಆದರೆ ಭಾವ ಅಲ್ಲಿ ಚೆನ್ನಾಗಿಯೇ ಇದ್ದರು. ಉದ್ದನೆಯ ಮೊಗಸಾಲೆ ಸಿಕ್ಕಿತ್ತು, ನಿಲ್ಲಿಸಲು ಜನ ಸಿಕ್ಕಿದ್ದರು. ಊಟದ ಗಂಟೆ ಬಾರಿಸಿದರೆ ಸಾಕು, ಮುದುಕ ಮುದುಕಿಯರನ್ನೆಲ್ಲ ಗೋಡೆಗೆ ಒರಗಿಸಿ ಸಾಲು ಮಾಡುತ್ತಿದ್ದರು. “ಎತ್ತರದೋರು ಹಿಂದೆ! ಏ ನೀನು, ಹೊಟ್ಟೆ ಒಳಗೆ!” ಹೊಟ್ಟೆ ಒಳಗೆಳೆದುಕೊಳ್ಳುವಷ್ಟು ಶಕ್ತಿ ಅಲ್ಲಿ ಯಾರಿಗೂ ಇರಲಿಲ್ಲ, ಆದರೆ ಎಲ್ಲರೂ ನಗುತ್ತ ನಿಲ್ಲುತ್ತಿದ್ದರು.

ಇದೇ ಕಾಲಕ್ಕೆ ಲೆಕ್ಕದಮ್ಮನ ವಿಭಾಗದಲ್ಲಿ ನೆನಪು ಸೋರುವವರ ಮೇಲೆಯೇ ಒಂದು ದೊಡ್ಡ ಅಧ್ಯಯನ ನಡೆಯುತ್ತಿತ್ತು. ಪ್ರತಿಯೊಬ್ಬರ ತಲೆಯನ್ನು ಒಮ್ಮೆ ಸ್ಕ್ಯಾನ್ ಮಾಡುವುದು, ಕೆಲವು ತಿಂಗಳು ಬಿಟ್ಟು ಮತ್ತೊಮ್ಮೆ ಮಾಡುವುದು, ನಡುವೆ ಮೆದುಳು ಎಲ್ಲೆಲ್ಲಿ ಎಷ್ಟು ಕುಗ್ಗಿತು ಎಂದು ನೋಡುವುದು. ವಯಸ್ಸು, ಓದು, ಗಂಡೋ ಹೆಣ್ಣೋ, ಸ್ಕ್ಯಾನ್ ಆದದ್ದು ಹಳೇ ಯಂತ್ರದಲ್ಲೋ ಹೊಸದರಲ್ಲೋ ಎಲ್ಲವನ್ನೂ ಲೆಕ್ಕಕ್ಕೆ ಸೇರಿಸಬೇಕಿತ್ತು. ಜೊತೆಗೆ ಇನ್ನೊಂದು ವಿಷಯ: ಅವರು ಇರುವುದು ಯಾರ ಆಸರೆಯಲ್ಲಿ. ಸ್ವಂತ ಮನೆಯಲ್ಲಿ ಗಂಡನ ಅಥವಾ ಹೆಂಡತಿಯ ಜೊತೆ ಇರುವವರಿಗೆ ಒಂದು ಎಂಬ ಗುರುತು. ಮಕ್ಕಳ ಮನೆಗಳಲ್ಲಿ, ಈ ತಿಂಗಳು ಇವನ ಮನೆ ಮುಂದಿನ ತಿಂಗಳು ಅವಳ ಮನೆ ಎಂದು ಪಾಳಿಯ ಮೇಲೆ ಇರುವವರಿಗೆ ಎರಡು. ಆರೈಕೆ ಮನೆಯಲ್ಲಿರುವವರಿಗೆ ಮೂರು.

ಇದು ಬರೀ ಗುರುತು. ಮೂರನೇ ನಂಬರಿನ ಬಸ್ಸು ಒಂದನೇ ನಂಬರಿನ ಬಸ್ಸಿಗಿಂತ ಮೂರು ಪಟ್ಟು ಉದ್ದ ಇರುವುದಿಲ್ಲವಲ್ಲ, ಹಾಗೆ. ಆದರೆ ಲೆಕ್ಕ ಹಾಕುವ ಕಂಪ್ಯೂಟರ್ ಯಂತ್ರಕ್ಕೆ ಅಂಕಿ ಗೊತ್ತು, ಬಸ್ಸು ಗೊತ್ತಿಲ್ಲ. ಒಂದು, ಎರಡು, ಮೂರು ಎಂದು ಒಂದೇ ಕಾಲಮ್ಮಿನಲ್ಲಿ ತುಂಬಿ ಕೊಟ್ಟರೆ ಅದು ಅವನ್ನು ಅಳತೆ ಎಂದೇ ತಿಳಿಯುತ್ತದೆ. ಒಂದರಿಂದ ಎರಡಕ್ಕೆ ಎಷ್ಟು ಏರಿತೋ ಎರಡರಿಂದ ಮೂರಕ್ಕೂ ಅಷ್ಟೇ ಏರಬೇಕು ಎಂದು ಗೆರೆ ಎಳೆದುಬಿಡುತ್ತದೆ. ಹಾಗಾಗದಂತೆ ಗುಂಪಿಗೊಂದು ಕಾಲಮ್ ಮಾಡಬೇಕು: ಆ ಗುಂಪಿನವರಿಗೆ ಒಂದು, ಅಲ್ಲದವರಿಗೆ ಸೊನ್ನೆ. ಒಂದು ಗುಂಪನ್ನು ಮಾತ್ರ ಕಾಲಮ್ ಇಲ್ಲದೆ ಬಿಟ್ಟು, ಉಳಿದವರನ್ನು ಅದರ ಪಕ್ಕದಲ್ಲಿ ನಿಲ್ಲಿಸಿ ಹೋಲಿಸಬೇಕು. ಹೊಸದಾಗಿ ಸೇರಿದವರಿಗೆ ಮೊದಲ ದಿನ ಲೆಕ್ಕದಮ್ಮ ಹೇಳಿಕೊಡುತ್ತಿದ್ದ ಪಾಠವೇ ಇದು.

ಅವಳು ಹಾಗೆಯೇ ಮಾಡಿದ್ದಳು. ಒಂದು ಸಂಜೆ ವಿಭಾಗದ ಮುಖ್ಯಸ್ಥರು, ಎಲ್ಲರೂ ದೊಡ್ಡ ಡಾಕ್ಟರು ಎನ್ನುತ್ತಿದ್ದವರು, ಅವಳ ಕುರ್ಚಿಯ ಹಿಂದೆ ಬಂದು ನಿಂತರು.

“ಇದೇನಮ್ಮಾ, ಇಷ್ಟೊಂದು ಕಾಲಮ್ಮು?”

“ಗುಂಪಿಗೊಂದು ಸರ್.”

“ಮೂರನೇ ಗುಂಪಲ್ಲಿ ಜನ ಎಷ್ಟಿದಾರೆ?”

“ತುಂಬ ಕಮ್ಮಿ ಸರ್. ಆರೈಕೆ ಮನೆಯವರು ಕಳಿಸೋದೇ ಕಷ್ಟ.”

“ಮತ್ತೆ? ಹೀಗೆ ಒಡೆದು ಇಟ್ರೆ ಏನೂ ಎದ್ದು ಕಾಣಲ್ಲ. ಒಂದೇ ಕಾಲಮ್ ಮಾಡಿ. ಒಂದೇ ಗೆರೆ ಬರುತ್ತೆ. ಮನೆಯಿಂದ ದೂರ ಹೋದಷ್ಟೂ ಮೆದುಳು ಸವೆಯುತ್ತೆ. ಯಾರಿಗಾದ್ರೂ ಅರ್ಥ ಆಗೋ ಮಾತು.”

“ಅದು ದೂರ ಅಲ್ಲ ಸರ್, ಗುರುತು ಅಷ್ಟೇ.”

“ನನಗೆ ಗೊತ್ತಿಲ್ವಾ? ಸಮ್ಮೇಳನ ಹತ್ರ ಬಂತು. ಸದ್ಯಕ್ಕೆ ಹೀಗೆ ಮಾಡಿ, ಆಮೇಲೆ ಸರಿ ಮಾಡೋಣ.”

ಸದ್ಯಕ್ಕೆ ಎಂಬ ಮಾತು ಎಂಥ ಮೆತ್ತನೆಯ ದಿಂಬು! ತಲೆಯಿಟ್ಟರೆ ಸಾಕು, ನಿದ್ದೆ ಹತ್ತುತ್ತದೆ. ಅವಳಿಗೂ ದಣಿವಾಗಿತ್ತು. ಕಾಲಮ್ಮುಗಳನ್ನು ಅಳಿಸಿ ಒಂದು ಮಾಡಿದಳು. ಯಂತ್ರ ಲೆಕ್ಕ ಹಾಕಿ, ಕಿವಿಯ ಒಳಬದಿಗೆ ನೆನಪು ಕೂತಿರುವ ಕಡೆ, ಹೆಚ್ಚು ಕುಗ್ಗಿದ ಜಾಗವೆಂದು, ಕೆಂಪಗೆ ಒಂದು ಮಚ್ಚೆ ತೋರಿಸಿತು. ಅಚ್ಚುಕಟ್ಟಾದ ಕೆಂಪು. ನಿಜ ಹೇಳಬೇಕೆಂದರೆ, ನೋಡಿ ಅವಳಿಗೂ ಖುಷಿಯಾಯಿತು. ವರ್ಷಗಟ್ಟಲೆ ಕೂತು ಮಾಡಿದ ಕೆಲಸಕ್ಕೆ ಕೊನೆಗೂ ಒಂದು ಬಣ್ಣ ಬಂತಲ್ಲ ಎಂದುಕೊಂಡಳು.

ಆಮೇಲೆ ಸರಿ ಮಾಡುವ ದಿನ ಬರಲಿಲ್ಲ. ಸಮ್ಮೇಳನದಲ್ಲಿ ಚಪ್ಪಾಳೆ ಬಿತ್ತು, ವೈದ್ಯಕೀಯ ಪತ್ರಿಕೆಯಲ್ಲಿ ಲೇಖನ ಅಚ್ಚಾಯಿತು, ಕೆಂಪು ಮಚ್ಚೆಯ ಚಿತ್ರ ಆಸ್ಪತ್ರೆಯ ಮುಂಬಾಗಿಲಿನ ಗೋಡೆಗೆ ಏರಿತು. ದಿನಪತ್ರಿಕೆಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು: ‘ಆರೈಕೆ ಮನೆಗೆ ಸೇರಿಸಿದರೆ ಮೆದುಳು ಎರಡು ಪಟ್ಟು ಬೇಗ ಸವೆಯುತ್ತದೆ.’

ಆ ಭಾನುವಾರ ಲೆಕ್ಕದಮ್ಮ ಅಕ್ಕನ ಮನೆಗೆ ಹೋದಾಗ, ಭಾವನ ತಂಗಿ ಮೊದಲೇ ಬಂದು ಕೂತಿದ್ದಳು. ಮಡಿಲಲ್ಲಿ ಪತ್ರಿಕೆ.

“ನಾನೇನೂ ಅನ್ನಲ್ಲ ಅತ್ತಿಗೆ,” ಎಂದಳು ನಾದಿನಿ. ಅವಳು ಏನಾದರೂ ಅನ್ನುವ ಮೊದಲು ಹೀಗೆಯೇ ಶುರು ಮಾಡುವುದು. “ಪೇಪರ್‌ನೋರೇ ಅಂದಿದಾರೆ. ಅದೂ ನಿಮ್ಮ ತಂಗಿಯ ಆಸ್ಪತ್ರೇಲೇ ಕಂಡುಹಿಡಿದಿದ್ದಂತೆ. ಮನೇಲೇ ಇಂಥ ವಿದ್ಯಾವಂತರಿದ್ರೂ ನಮ್ಮಣ್ಣನ ತಲೆ ಅಲ್ಲಿ ಸವೀತಾ ಕೂತಿದೆ.”

“ಹಾಗಾದ್ರೆ ನೀನು ಒಂದು ತಿಂಗಳು ಇಟ್ಕೋ,” ಎಂದಳು ಅಕ್ಕ, ಸೂಜಿಗೆ ದಾರ ಪೋಣಿಸುತ್ತಲೇ.

“ಅಯ್ಯೋ, ನನಗೇನು ಇಷ್ಟ ಇಲ್ವಾ? ನಮ್ಮನೆಯೋರಿಗೆ ಧೂಳು ಆಗಿಬರಲ್ಲ.”

“ನಿಮ್ಮಣ್ಣ ಧೂಳಾ?”

ನಾದಿನಿ ಮೂಗು ಮುರಿದು ಎದ್ದು ಹೋದಳು, ಪತ್ರಿಕೆಯನ್ನು ಮಾತ್ರ ಬಿಟ್ಟು ಹೋದಳು. ಅಕ್ಕ ಅದನ್ನು ಮಡಿಸಿ ತಂಗಿಯ ಮುಂದಿಟ್ಟಳು.

“ನಿಜವೇನೇ ಇದು?”

“ಅದು ಎಲ್ಲರನ್ನೂ ಸೇರಿಸಿ ಹೇಳೋ ಮಾತು ಅಕ್ಕಾ, ಒಬ್ಬೊಬ್ಬರಿಗೆ…”

“ಪಾಠ ಬೇಡ. ನಿಜಾನೋ ಸುಳ್ಳೋ, ಅಷ್ಟು ಹೇಳು. ನಾನು ಕರ್ಕೊಂಡು ಬರೋದಾ ಬೇಡ್ವಾ? ಅಲ್ಲಿ ಕಾಯ್ತಾ ಇರೋರು ಬೇಕಾದಷ್ಟು ಜನ. ಒಂದು ಸಲ ಬಿಟ್ರೆ ಆ ಹಾಸಿಗೆ ಮತ್ತೆ ಸಿಗಲ್ಲ.”

ಲೆಕ್ಕದಮ್ಮ ಪತ್ರಿಕೆಯನ್ನು ಮಡಿಸಿದ ಹಾಗೆಯೇ ಪಕ್ಕಕ್ಕೆ ಸರಿಸಿದಳು. “ಸ್ವಲ್ಪ ತಡಿ. ನೋಡಿ ಹೇಳ್ತೀನಿ,” ಎಂದಳು. ಆ ಉತ್ತರದಲ್ಲಿ ಅಕ್ಕನಿಗೆ ಏನು ಕೇಳಿಸಿತೋ ದೇವರೇ ಬಲ್ಲ. ಸುಳ್ಳಾಗಿದ್ದರೆ ಸುಳ್ಳು ಎಂದೇ ಹೇಳುತ್ತಿದ್ದಳು ಎಂದುಕೊಂಡಿರಬೇಕು.

ಮರುದಿನ ಬೆಳಿಗ್ಗೆಯ ಹಾಜರಿ ಮುಗಿಸಿ ಅವಳು ಹಳೆಯ ಕಡತ ತೆರೆದಳು. ಒಂದು ಕಾಲಮ್ಮನ್ನು ಮತ್ತೆ ಗುಂಪು ಗುಂಪಾಗಿ ಒಡೆದಳು. ಸ್ವಂತ ಮನೆಯವರನ್ನು ಅಳತೆಗೋಲಿನಂತೆ ನಿಲ್ಲಿಸಿ, ಉಳಿದವರನ್ನು ಪಕ್ಕಕ್ಕೆ ತಂದಳು. ಯಂತ್ರ ಲೆಕ್ಕ ಮುಗಿಸುವಷ್ಟು ಹೊತ್ತು ಗಾಜಿನ ಪಟ್ಟಿಯಲ್ಲಿ ಹೋಗಿಬರುವ ಪಾದಗಳನ್ನು ನೋಡುತ್ತ ಕೂತಳು.

ಆರೈಕೆ ಮನೆಯವರ ಕೆಂಪು ಮಾಯವಾಗಿತ್ತು. ಅವರ ತಲೆಗಳು ಸ್ವಂತ ಮನೆಯವರ ತಲೆಗಳಿಗೆ ಹತ್ತಿರವೇ ಇದ್ದವು. ಕುಗ್ಗಿದ್ದು ನಡುವಿನ ಗುಂಪು, ಮನೆಯಿಂದ ಮನೆಗೆ ಪೆಟ್ಟಿಗೆ ಹೊತ್ತುಕೊಂಡು ಪಾಳಿ ತಿರುಗುವವರು. ಒಂದು ಮತ್ತು ಎರಡರಲ್ಲಿ ಜನ ಹೆಚ್ಚು. ಅವರ ನಡುವಿನ ಏರನ್ನೇ ಯಂತ್ರ ಮುಂದಕ್ಕೆ ಎಳೆದು, ಮೂರರ ತುದಿಯಲ್ಲಿ ನಿಂತಿದ್ದ ನಾಲ್ಕಾರು ಮಂದಿಯ ತಲೆಗೆ ಕಟ್ಟಿತ್ತು. ಯಂತ್ರ ಕಟ್ಟಿತ್ತು ಎಂದರೆ ಸುಳ್ಳಾಗುತ್ತದೆ. ಕಟ್ಟಿದವಳು ಅವಳು.

ದೊಡ್ಡ ಡಾಕ್ಟರು ಅವಳ ಮಾತನ್ನು ಪೂರ್ತಿ ಕೇಳಿದರು. ಕೆಟ್ಟ ಮನುಷ್ಯರಲ್ಲ ಅವರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಮೂರನೇ ಗುಂಪಲ್ಲಿ ಜನ ಕಮ್ಮಿ ಅಂತ ನೀವೇ ಹೇಳ್ತೀರಿ. ಹಾಗಿದ್ಮೇಲೆ ಇದನ್ನಾದ್ರೂ ಹೇಗೆ ನಂಬೋದು?”

“ನಂಬೋಕಾಗಲ್ಲ ಸರ್. ಅದನ್ನೇ ಬರೀಬೇಕಿತ್ತು. ಗೊತ್ತಿಲ್ಲ ಅಂತ.”

“ಗೊತ್ತಿಲ್ಲ ಅಂತ ಬರೆದ್ರೆ ಯಾರಮ್ಮಾ ಅಚ್ಚು ಹಾಕ್ತಾರೆ? ಇನ್ನು ಎರಡನೇ ಗುಂಪು. ಪಾಳಿ ಮೇಲೆ ಅಪ್ಪ ಅಮ್ಮನ್ನ ಇಟ್ಕೊಳ್ಳೋ ಮಕ್ಕಳ ಮೇಲೆ ಬರೀಬೇಕಾ? ಈ ಕಟ್ಟಡದಲ್ಲಿ ಅರ್ಧ ಜನ ಹಾಗೇ ಇಟ್ಕೊಂಡಿದಾರೆ. ನೋಡೋಣ, ನಿಧಾನವಾಗಿ ಒಂದು ತಿದ್ದುಪಡಿ ಕಳಿಸೋಣ. ಅವಸರ ಏನಿದೆ?”

ಅವಸರ ಅಕ್ಕನ ಮನೆಯಲ್ಲಿತ್ತು. ಲೆಕ್ಕದಮ್ಮ ಸಂಜೆಯೇ ಓಡಿದಳು. ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತ ಬಾಗಿಲು ತಳ್ಳಿದರೆ, ನಡುಮನೆಯಲ್ಲಿ ಭಾವನ ಬಟ್ಟೆಯ ಗಂಟು, ಅವರ ಬಿಳಿ ಕ್ಯಾನ್ವಾಸ್ ಬೂಟು. ಭಾವ ಬಾಲ್ಕನಿಯ ಕಂಬಿ ಹಿಡಿದು ಕೆಳಗಿನ ಬೀದಿ ನೋಡುತ್ತಿದ್ದರು.

“ಬೆಳಿಗ್ಗೆನೇ ಹೋಗಿ ಕರ್ಕೊಂಡು ಬಂದೆ,” ಎಂದಳು ಅಕ್ಕ. “ನೀನು ನೋಡಿ ಹೇಳ್ತೀನಿ ಅಂದಾಗಲೇ ಗೊತ್ತಾಯ್ತು.”

“ಅಕ್ಕಾ, ಅದು ತಪ್ಪು. ನಾನು ಹಾಕಿದ ಲೆಕ್ಕವೇ ತಪ್ಪು. ಅಲ್ಲಿ ಇದ್ದೋರಿಗೆ ಏನೂ ಹೆಚ್ಚಾಗಿ ಆಗಿಲ್ಲ.”

ಅಕ್ಕ ಅವಳನ್ನೇ ದಿಟ್ಟಿಸಿದಳು. ಕಾಲು ಹೊಲಿಗೆ ಯಂತ್ರದ ಪಟ್ಟಿಯ ಮೇಲೇ ಇತ್ತು, ತುಳಿಯಲಿಲ್ಲ.

“ಅಚ್ಚಾಗಿದ್ದು ಸುಳ್ಳಾ, ಈಗ ಹೇಳ್ತಿರೋದು ಸುಳ್ಳಾ?”

“ಅಚ್ಚಾಗಿದ್ದು.”

“ನನ್ನ ಸಮಾಧಾನಕ್ಕೆ ಹೇಳ್ತಿದೀಯ. ಚಿಕ್ಕೋಳಿದ್ದಾಗಲೂ ಹಾಗೇ ನೀನು, ಪರೀಕ್ಷೇಲಿ ಕಮ್ಮಿ ಬಂದ್ರೆ ನಾನು ನೊಂದ್ಕೋತೀನಿ ಅಂತ ಜಾಸ್ತಿ ಹೇಳ್ತಿದ್ದೆ.”

ಆರೈಕೆ ಮನೆಗೆ ಫೋನ್ ಮಾಡಿದರೆ, ಆ ಹಾಸಿಗೆಗೆ ಮಧ್ಯಾಹ್ನವೇ ಬೇರೊಬ್ಬರು ಬಂದಾಗಿತ್ತು.

ಭಾವನಿಗೆ ಮನೆ ಮನೆಯಾಗಿ ಉಳಿದಿರಲಿಲ್ಲ. ಅದು ಬೀಗ ಹಾಕಿದ ಶಾಲೆ. ಸಾಲು ನಿಲ್ಲಿಸಲು ಅಕ್ಕ ಒಬ್ಬಳೇ. ಅವಳನ್ನು ಗೋಡೆಗೆ ನಿಲ್ಲಿಸಿ, “ಮಿಕ್ಕೋರು ಎಲ್ಲಿ? ಎಲ್ಲಾ ತಪ್ಪಿಸ್ಕೊಂಡ್ರಾ?” ಎಂದು ಗದರುತ್ತಿದ್ದರು. ಮಿಕ್ಕವರನ್ನು ಹುಡುಕಲು ಬಾಗಿಲಿಗೆ ಗುದ್ದುತ್ತಿದ್ದರು. ಲೆಕ್ಕದಮ್ಮ ದಿನಾ ಸಂಜೆ ಆಸ್ಪತ್ರೆಯಿಂದ ನೇರ ಅಲ್ಲಿಗೇ ಹೋಗಿ ಎರಡನೆಯವಳಾಗಿ ನಿಲ್ಲುತ್ತಿದ್ದಳು. “ಎತ್ತರದೋಳು ಹಿಂದೆ,” ಎನ್ನುತ್ತಿದ್ದರು ಭಾವ. ಅಕ್ಕತಂಗಿಯರಿಬ್ಬರೂ ಒಂದೇ ಎತ್ತರ. ಯಾರು ಹಿಂದೆ ನಿಂತರೂ ಅವರಿಗೆ ಸಮಾಧಾನವಿಲ್ಲ. ಮೊದಮೊದಲು ಇಬ್ಬರಿಗೂ ನಗು ಬರುತ್ತಿತ್ತು.

ಒಂದು ಮಧ್ಯಾಹ್ನ ಹಾಲಿನವನು ಹೋದ ಮೇಲೆ ಚಿಲಕ ಹಾಕುವುದು ತಡವಾಯಿತು. ಭಾವ ಮೆಟ್ಟಿಲಿಗೆ ಬಂದಿದ್ದರು. ಹಿಂದಿನಿಂದ ಹಿಡಿದ ಅಕ್ಕನನ್ನು, ತಂಟೆ ಮಾಡುವ ಹುಡುಗನೆಂದು ತಿಳಿದರೋ ಏನೋ, ಕೊಡವಿದರು. ಅಕ್ಕ ಉರುಳಿದಳು. ಬಲಗೈ ಮಣಿಕಟ್ಟಿನಲ್ಲಿ ಎರಡು ಕಡೆ ಮುರಿಯಿತು. ಮೂಳೆ ಕೂಡಿತು, ಬೆರಳು ಕೂಡಲಿಲ್ಲ. ಅಷ್ಟು ವರ್ಷ ಬಟ್ಟೆ ಕತ್ತರಿಸಿದ ಆ ಕೈ ಆಮೇಲೆ ಕತ್ತರಿ ಹಿಡಿಯಲಿಲ್ಲ.

ಪಟ್ಟಿ ಬಿಚ್ಚಿದ ದಿನ ಲೆಕ್ಕದಮ್ಮ ಅಕ್ಕನ ಬೆರಳುಗಳಿಗೆ ಎಣ್ಣೆ ಹಚ್ಚುತ್ತ ಕೂತಿದ್ದಳು. ಅಕ್ಕ ಕೈಯನ್ನು ಬಿಟ್ಟುಕೊಟ್ಟಿದ್ದಳು, ಮುಖವನ್ನು ಬೇರೆ ಕಡೆ ತಿರುಗಿಸಿದ್ದಳು.

“ಈಗ ಹೇಳು. ಅವತ್ತು ನೀನು ಓಡಿ ಬಂದು ಹೇಳಿದ್ದು ನಿಜಾನೇ ತಾನೆ?”

“ನಿಜ ಅಕ್ಕಾ.”

“ಹಾಗಾದ್ರೆ ಅದೂ ಅಚ್ಚಾಗಲಿ. ನಾನು ಅವರನ್ನ ಅಲ್ಲಿ ಬಿಟ್ಟಿದ್ದು ಪಾಪ ಅಲ್ಲ ಅಂತ ಅಚ್ಚಲ್ಲಿ ಬರಲಿ. ನಾದಿನಿ ಓದಲಿ, ಈ ಬೀದಿಯೋರು ಓದಲಿ. ನಿನ್ನ ಎಣ್ಣೆ ನನಗೆ ಬೇಡ, ನಿನ್ನ ಹತ್ರ ಇನ್ನೇನೂ ಬೇಡ. ಇದೊಂದು ಮಾಡು.”

ತಿದ್ದುಪಡಿ ಕೊನೆಗೂ ಬಂತು. ದೊಡ್ಡ ಡಾಕ್ಟರು ಅದನ್ನು ಲೆಕ್ಕದಮ್ಮನಿಗೆ ತೋರಿಸದೆಯೇ ಕಳಿಸಿದ್ದರು. ಲೇಖನ ಬಂದಿದ್ದ ವೈದ್ಯಕೀಯ ಪತ್ರಿಕೆಯ ಕಡೆಯ ಪುಟದ ಬುಡದಲ್ಲಿ ಎರಡೇ ಸಾಲು: ಅಂಕಿಗಳನ್ನು ತುಂಬುವಾಗ ಟೈಪಿಂಗ್ ದೋಷ ನುಸುಳಿದೆ, ಮುಖ್ಯ ತೀರ್ಮಾನದಲ್ಲಿ ಬದಲಾವಣೆ ಇಲ್ಲ.

ವಿಭಾಗದಲ್ಲಿ ಕಂಪ್ಯೂಟರಿಗೆ ಅಂಕಿ ತುಂಬುವ ಹೆಂಗಸು, ಮೊಮ್ಮಕ್ಕಳನ್ನು ಕಂಡವಳು, ಕಣ್ಣು ಕೆಂಪು ಮಾಡಿಕೊಂಡು ಬಂದಳು. “ಮೇಡಂ, ನಾನು ಎಲ್ಲಿ ತಪ್ಪು ಟೈಪ್ ಮಾಡ್ದೆ? ತೋರ್ಸಿ. ಒಂದಕ್ಕೆ ಎರಡು ಸಲ ನೋಡಿ ತುಂಬಿದೀನಿ.”

“ನೀವು ಮಾಡಿಲ್ಲಮ್ಮಾ.”

“ಮತ್ತೆ ಯಾರು?”

ಅದಕ್ಕೆ ಉತ್ತರವನ್ನು ಲೆಕ್ಕದಮ್ಮ ಪತ್ರಿಕೆಯ ಸಂಪಾದಕರಿಗೇ ಬರೆದಳು. ಅಂಕಿಗಳೆಲ್ಲ ಸರಿಯಾಗಿದ್ದವು, ಗುಂಪಿನ ಗುರುತನ್ನು ಅಳತೆಯಂತೆ ಬಳಸಿದ್ದು ನಾನು. ಹಾಗೆ ಬಳಸಬಾರದೆಂದು ತಿಳಿದಿದ್ದೂ ಬಳಸಿದೆ. ಆರೈಕೆ ಮನೆಯಲ್ಲಿರುವವರ ಮೆದುಳು ಬೇಗ ಸವೆಯುತ್ತದೆ ಎಂಬ ಮಾತಿಗೆ ನಮ್ಮ ಬಳಿ ಆಧಾರವಿಲ್ಲ. ಕೆಳಗೆ ತನ್ನ ಹೆಸರು ಹಾಕಿದಳು. ಕಳಿಸುವ ಮೊದಲು ಕಣ್ಣು ಮುಚ್ಚಿ ಒಂದು ಗಳಿಗೆ ಕೂತಳು. ಬೇಡಿಕೊಳ್ಳಲು ಏನೂ ಹೊಳೆಯಲಿಲ್ಲ.

ಸಂಪಾದಕರು ದೊಡ್ಡ ಡಾಕ್ಟರ ಅಭಿಪ್ರಾಯ ಕೇಳಿದರು. ಕೇಳದೆ ಇರುತ್ತಾರೆಯೇ? ಡಾಕ್ಟರು ಅವಳನ್ನು ಮೇಲಿನ ಮಹಡಿಯ ತಮ್ಮ ಕೋಣೆಗೆ ಕರೆಸಿದರು. ಅಲ್ಲಿನ ಕಿಟಕಿಯಲ್ಲಿ ಮನುಷ್ಯರು ಪೂರ್ತಿಯಾಗಿ ಕಾಣಿಸುತ್ತಿದ್ದರು.

“ಕೂತ್ಕೊಳ್ಳಿ. ನಿಮ್ಮ ಅಕ್ಕನವರ ವಿಷಯ ಈಗ ಕೇಳ್ದೆ. ಮೊದಲೇ ಯಾಕೆ ಹೇಳಲಿಲ್ಲ ನನಗೆ?”

ಅವಳು ಕುರ್ಚಿಯ ಅಂಚಿನಲ್ಲಿ ಕೂತಳು.

“ಆ ಆರೈಕೆ ಮನೆಯ ಯಜಮಾನರು ನನಗೆ ಬೇಕಾದೋರು. ಮಾತಾಡಿದೀನಿ. ಹಾಸಿಗೆ ಖಾಲಿ ಆಗ್ತಾ ಇದೆ, ತೋಟದ ಕಡೆಯ ಕೋಣೆ. ಸರದಿ ಗಿರದಿ ಏನೂ ಬೇಡ, ಸೋಮವಾರವೇ ಕರ್ಕೊಂಡು ಬನ್ನಿ ಅಂದ್ರು.” ಮೇಜಿನ ಮೇಲಿನ ಪೆನ್ನನ್ನು ನೆಟ್ಟಗೆ ಇಟ್ಟರು. “ಆ ಪತ್ರ ವಾಪಸ್ ತಗೊಂಡುಬಿಡಿ. ನಿಮಗೇ ಯಾಕೆ ಕೆಟ್ಟ ಹೆಸರು? ತಿದ್ದುಪಡಿ ಬಂದಾಗಿದೆಯಲ್ಲ.”

ಅವಳ ಕಣ್ಣ ಮುಂದೆ ಆ ಉದ್ದನೆಯ ಮೊಗಸಾಲೆ ಬಂತು. ಗೋಡೆಗೊರಗಿ ನಗುತ್ತ ನಿಲ್ಲುವವರು ಬಂದರು. ಮಡಿಸಲಾಗದ ಬೆರಳುಗಳಲ್ಲಿ ಚಿಲಕ ಹಾಕಲು ಹೆಣಗುವ ಅಕ್ಕ ಬಂದಳು. ಹೂಂ ಎಂದರೆ ಸೋಮವಾರದಿಂದ ಅಕ್ಕ ರಾತ್ರಿ ಮಲಗಬಹುದು. ಮಲಗಿ ಎದ್ದವಳು, ಬೀದಿಗಿಳಿದರೆ, ಜನರ ಬಾಯಲ್ಲಿ ಗಂಡನ ತಲೆ ಸವೆಯಲು ಎರಡನೇ ಸಲ ಬಿಟ್ಟು ಬಂದವಳಾಗುತ್ತಾಳೆ. ಅಚ್ಚಿನಲ್ಲಿ ಹಾಗೇ ಇದೆ, ಹಾಗೇ ಉಳಿಯುತ್ತದೆ. ಅವಳ ಹಾಗೆ ಎಷ್ಟು ಅಕ್ಕಂದಿರು ಆ ಪತ್ರಿಕೆ ಓದಿ, ಗಂಡನನ್ನೋ ತಾಯಿಯನ್ನೋ ಮೆಟ್ಟಿಲು ಹತ್ತಿಸಿಕೊಂಡು ಬಂದಿದ್ದಾರೋ, ಆ ಲೆಕ್ಕವನ್ನು ಯಾರೂ ಹಾಕಿರಲಿಲ್ಲ.

“ಬೇಡ ಸರ್. ಪತ್ರ ಹಾಗೇ ಇರ್ಲಿ,” ಎಂದಳು.

“ಅವಸರದಲ್ಲಿ ಹೇಳ್ಬೇಡಿ. ನಿಮ್ಮ ಅಕ್ಕನವರನ್ನ ಒಂದು ಮಾತು ಕೇಳಿ.”

“ಕೇಳಿದ್ರೆ ಬೇಕು ಅಂದುಬಿಡಬಹುದು ಸರ್. ಅವಳ ಕೈಲಿ ಇನ್ನು ಆಗ್ತಾ ಇಲ್ಲ.” ಲೆಕ್ಕದಮ್ಮ ಎದ್ದು ಕುರ್ಚಿಯನ್ನು ಮೇಜಿನೊಳಕ್ಕೆ ಸರಿಸಿದಳು. “ಅದಕ್ಕೇ ಕೇಳಲ್ಲ. ಹಾಸಿಗೆ ಸರದೀಲಿ ಇರೋರಿಗೆ ಕೊಡೋಕೆ ಹೇಳಿ.”